ಓಡಬಾರದ ಲಗೋರಿ

ಕಂಪ್ಯೂಟರ್ ಲ್ಯಾಬಿನಲ್ಲಿ ಸೀಟಿ ಊದಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಮಕ್ಕಳೆಲ್ಲ ಒಟ್ಟಿಗೆ ಗಲಗಲ ಎನ್ನುತ್ತಿದ್ದರು, ನನ್ನ ಕೈ ತನ್ನ ಪಾಡಿಗೆ ತಾನು ಕೊರಳಿಗೆ ಹೋಯಿತು, ಊದಿಯೇಬಿಟ್ಟೆ. ಏಳನೇ ತರಗತಿಯ ಮಕ್ಕಳು ಮೌಸ್ ಬಿಟ್ಟು ಎದ್ದು, ಕುರ್ಚಿಗಳನ್ನು ಹಿಂದಕ್ಕೆ ತಳ್ಳಿ, ಎತ್ತರದ ಪ್ರಕಾರ ಸಾಲಾಗಿ ನಿಂತರು. ಒಬ್ಬನಂತೂ ಮುಂದಿನವನ ಹೆಗಲಿಗೆ ಕೈ ಚಾಚಿ ಅಂತರ ಸರಿಮಾಡಿಕೊಂಡ. ಪಕ್ಕದ ಕೋಣೆಯ ಹಿಂದಿ ಮೇಡಂ ಬಾಗಿಲಲ್ಲಿ ಇಣುಕಿ ನೋಡಿ, ಏನೂ ಕೇಳದೆ ಹಿಂತಿರುಗಿದರು. ಏನಾದರೂ ಕೇಳಿದ್ದರೆ ವಾಸಿಯಿತ್ತು.

ನಾನು ಅಬ್ಬಿಗೆರೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಇಂಥವನು ಮೌಸು, ಕೀಬೋರ್ಡುಗಳ ನಡುವೆ ಹೇಗೆ ಬಂದ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿಯೂ ಕೇಳಿದಳು. ಯಾವುದೋ ಕಂಪನಿಯವರು ನಮ್ಮ ಶಾಲೆಗೆ ಕಂಪ್ಯೂಟರುಗಳನ್ನು ದಾನ ಕೊಟ್ಟರು. ಮಕ್ಕಳು ವಿಡಿಯೊ ಗೇಮ್ ಆಡುತ್ತಾ ಕಲಿಯಬೇಕು, ಆಮೇಲೆ ತಾವೇ ಒಂದು ಗೇಮ್ ತಯಾರಿಸಬೇಕು ಎಂಬುದು ಅವರ ಆಸೆ. ಅಷ್ಟರಲ್ಲಿ ನಮ್ಮ ಕಂಪ್ಯೂಟರ್ ಮೇಡಂ ಹೆಬ್ಬಾಳದ ಕಡೆ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋದರು. ಆ ಪೀರಿಯಡನ್ನು ಯಾರ ತಲೆಗೆ ಕಟ್ಟುವುದೆಂದು ಸಭೆ ಸೇರಿತು. ವಿಜ್ಞಾನದವರು ಸಿಲಬಸ್ ಮುಗಿದಿಲ್ಲ ಎಂದರು. ಗಣಿತದವರು ನೆಲ ನೋಡಿದರು. ಈಗ ಶಾಲೆ ನಿಂತಿರುವ ಜಾಗದಲ್ಲಿ ನಮ್ಮ ಸೆಕ್ರೆಟರಿಯವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಸೆಕ್ರೆಟರಿಯವರು ಈಗ ಸುತ್ತಮುತ್ತ ಕಟ್ಟಡಗಳನ್ನು ಬೆಳೆಯುತ್ತಾರೆ. ಅವರೇ ಎಲ್ಲರ ಕಷ್ಟವನ್ನೂ ಬಗೆಹರಿಸಿದರು.

"ಇದಕ್ಕ್ಯಾಕೆ ಇಷ್ಟ್ ತಲೆ ಕೆಡಿಸ್ಕೊಂತೀರ ಮೇಡಂ? ಗೇಮ್ಸ್ ತಾನೇ? ಇಂಗ್ ಮಾಡಿ, ಪಿ.ಟಿ. ಮೇಷ್ಟ್ರು ಎಸ್ರು ಬರ್ಕೊಳಿ."

ಹೆಡ್ ಮೇಡಂ ಬರೆದುಕೊಂಡೇಬಿಟ್ಟರು. ಕಬಡ್ಡಿಯೂ ಕಂಪ್ಯೂಟರೂ ಒಂದೇ ಅಲ್ಲ ಎಂದು ವಾದಿಸಬಹುದಿತ್ತು. ಆದರೆ ಮಳೆ ಬಂದ ದಿನ, ಗಣಿತದವರು ರಜೆ ಹಾಕಿದ ದಿನ, ಚುನಾವಣೆ ಕೆಲಸಕ್ಕೆ ಯಾರಾದರೂ ಹೋದ ದಿನ, ಎಲ್ಲ ತರಗತಿಗಳನ್ನೂ 'ಸ್ವಲ್ಪ ನೋಡ್ಕೊಳಿ' ಎಂದು ನನ್ನ ಕೈಗೇ ಕೊಟ್ಟು ಅಭ್ಯಾಸವಾಗಿರುವ ಶಾಲೆಯಲ್ಲಿ ವಾದಕ್ಕೆ ಬೆಲೆ ಕಡಿಮೆ. ಸುಮ್ಮನೆ ಒಪ್ಪಿಕೊಂಡೆ.

ವಿಡಿಯೊ ಗೇಮಿಗೂ ನನಗೂ ಹಳೆಯ ನಂಟು ಇಲ್ಲದೆಯೂ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಯಶವಂತಪುರದ ಬೇರೊಂದು ಶಾಲೆಯಲ್ಲಿದ್ದೆ. ಅಲ್ಲಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ವಿಡಿಯೊ ಗೇಮ್ ಅಂಗಡಿ. ಬಾಗಿಲಿಗೆ ದಪ್ಪನೆಯ ನೀಲಿ ಪರದೆ, ಒಳಗೆ ಕತ್ತಲೆ, ಬೆವರಿನ ವಾಸನೆ, ಕುಯ್ಯೋ ಕುಯ್ಯೋ ಎನ್ನುವ ಪೆಟ್ಟಿಗೆಗಳು. ಶಾಲೆ ತಪ್ಪಿಸಿ ಅಲ್ಲಿ ಅವಿತಿರುವ ಹುಡುಗರನ್ನು ಕಿವಿ ಹಿಡಿದು ಎಳೆದು ತರುವ ಕೆಲಸ ನನ್ನದು. ಮೇಷ್ಟ್ರುಗಳಲ್ಲಿ ಓಡಬಲ್ಲವನು ನಾನೊಬ್ಬನೇ ಎಂಬುದು ಅದಕ್ಕೆ ಕಾರಣ. ಒಮ್ಮೆ ಹೀಗೇ ಹೋದಾಗ ಹುಡುಗರಿಗಿಂತ ಮೊದಲು ಕಾರಿನ ಪಂದ್ಯದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಸ್ಟೇರಿಂಗ್ ಹಿಡಿದು ನಿಂತೆ. ಎರಡು ತಿರುವು ದಾಟುವಷ್ಟರಲ್ಲಿ ಗೋಡೆಗೆ ಗುದ್ದಿದೆ. ಹಿಂದಿನಿಂದ ಯಾರೋ ಕರುಣೆಯಿಂದ, "ಸಾರ್, ಬ್ರೇಕು ಎಡಗಡೆದು" ಅಂದರು. ತಿರುಗಿ ನೋಡಿದರೆ ನಾನು ಹಿಡಿಯಲು ಬಂದಿದ್ದ ಹುಡುಗ. ಅವತ್ತು ಯಾರ ಕಿವಿಯನ್ನೂ ಯಾರೂ ಹಿಡಿಯಲಿಲ್ಲ, ಎಲ್ಲರೂ ಒಟ್ಟಿಗೆ ಶಾಲೆಗೆ ಬಂದೆವು. ಹುಡುಗರನ್ನು ಗೇಮಿನಿಂದ ಎಳೆದು ತರುತ್ತಿದ್ದ ನಾನೇ ಈಗ ಅವರನ್ನು ಸಾಲಾಗಿ ಗೇಮಿನ ಮುಂದೆ ಕೂರಿಸುತ್ತಿದ್ದೇನೆ. ಎರಡಕ್ಕೂ ಸಂಬಳ ಕೊಡುತ್ತಾರೆ ಎಂಬುದೇ ಆಶ್ಚರ್ಯ.

ನಮ್ಮ ಶಾಲೆಗೆ ಮೊದಲು ದೊಡ್ಡ ಮೈದಾನವಿತ್ತು. ಹೊಸ ಕಟ್ಟಡ ಎದ್ದ ಮೇಲೆ ಉಳಿದದ್ದು ಕಟ್ಟಡಕ್ಕೂ ಕಾಂಪೌಂಡಿಗೂ ನಡುವಿನ ಒಂದು ಪಟ್ಟಿ. ನಾನು ಲಾಂಗ್ ಜಂಪ್ ಕಲಿಸುತ್ತಿದ್ದ ಮರಳಿನ ಗುಂಡಿಯ ನೆತ್ತಿಯ ಮೇಲೆ ಸರಿಯಾಗಿ ಎರಡನೇ ಮಹಡಿಯಲ್ಲಿ ಈ ಲ್ಯಾಬ್ ಇದೆ. ಅಷ್ಟು ಎತ್ತರಕ್ಕೆ ನನ್ನ ಯಾವ ವಿದ್ಯಾರ್ಥಿಯೂ ಜಿಗಿದದ್ದಿಲ್ಲ. ಆ ಪಟ್ಟಿಯಲ್ಲೇ ವಾರಕ್ಕೆ ಎರಡು ಪೀರಿಯಡ್ ಆಟ ನಡೆಯುತ್ತದೆ, ಮತ್ತು ಅಲ್ಲಿ ಯಾವತ್ತೂ ಆಡದ ಒಬ್ಬ ಹುಡುಗಿ ಇದ್ದಳು. ರೇಣುಕಾ ಅಂತ, ಎರಡು ಉದ್ದ ಜಡೆಯವಳು. ಅವಳ ತಂದೆ ಇಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಟೆಂಡರ್, ವಿಜಯಪುರದ ಕಡೆಯವರು. ಶಾಲೆಗೆ ಸೇರಿಸಿದ ದಿನವೇ ಅವಳ ತಾಯಿ ನನ್ನನ್ನು ಹುಡುಕಿಕೊಂಡು ಬಂದು ಹೇಳಿದ್ದರು.

"ಸರ, ನಮ್ಮ ಹುಡುಗಿಗಿ ದಮ್ಮ ಐತ್ರಿ. ಓಡಸಬ್ಯಾಡ್ರಿ. ಓಡಿದ್ರ ರಾತ್ರಿ ನಾವಿಬ್ರೂ ಎದ್ದ ಕುಂಡ್ರಬೇಕಾಗ್ತದ್ರಿ."

ಆ ಮಾತು ಕೇಳಿದ ಮೇಲೆ ಓಡಿಸುವ ಧೈರ್ಯ ಯಾವ ಮೇಷ್ಟ್ರಿಗೆ ಬಂದೀತು? ಪ್ರತಿ ಶಾಲೆಯಲ್ಲೂ ಇಂಥ ಒಬ್ಬಳು ಇರುತ್ತಾಳೆ. ಆಡುವವರು ತಮ್ಮ ಸ್ವೆಟರು, ಚಪ್ಪಲಿ, ವಾಚುಗಳನ್ನು ಅವಳ ಸುಪರ್ದಿಗೆ ಕೊಟ್ಟು ಹೋಗುತ್ತಾರೆ. ರೇಣುಕಾ ಕೈಗಡಿಯಾರಗಳನ್ನೆಲ್ಲ ಮೊಣಕೈವರೆಗೂ ಬಳೆಗಳಂತೆ ತೊಟ್ಟುಕೊಂಡು, ಕಾಂಪೌಂಡಿಗೆ ಒರಗಿ ನಿಂತು ಎಲ್ಲರ ಆಟ ನೋಡುತ್ತಿದ್ದಳು. ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ಯಾರು ಎಡಗೈಯಲ್ಲಿ ಹಿಡಿಯಲಾರರು, ಯಾರು ಚೆಂಡು ಬಂದರೆ ಕಣ್ಣು ಮುಚ್ಚುತ್ತಾರೆ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದು ಮಾಡುವುದೇನು, ಆ ಮಗು ಬೆಲ್ ಹೊಡೆದ ಮೇಲೆ ವಾಚುಗಳನ್ನು ಬಿಚ್ಚಿ ಬಿಚ್ಚಿ ಹಂಚುತ್ತಿತ್ತು. 

ಲ್ಯಾಬಿನ ವಿಷಯಕ್ಕೆ ಬರುತ್ತೇನೆ. ನನಗೆ ತರಬೇತಿ ಕೊಡಲು ಕಂಪನಿಯಿಂದ ಒಬ್ಬ ತರುಣ ಬಂದಿದ್ದ. ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳಿರುತ್ತವೆ. 'ಮುಂದೆ ನಡೆ' ಎಂಬುದು ಒಂದು ಪಟ್ಟಿ, 'ಚೆಂಡು ತಾಗಿದರೆ' ಎಂಬುದು ಇನ್ನೊಂದು. ಅವುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಗೊಂಬೆಗಳು ಹೇಳಿದಂತೆ ಕೇಳುತ್ತವೆ. ಇಷ್ಟೇ ಸಾರ್, ಎಂದ. ಹೇಳಿದಂತೆ ಕೇಳುವ ಮಕ್ಕಳನ್ನು ಜೀವಮಾನದಲ್ಲಿ ಕಂಡಿರದ ನನಗೆ ಇದು ಬಹಳ ಹಿಡಿಸಿತು. ಯಾವ ಗೇಮ್ ಮಾಡೋಣ ಎಂದಾಗ ಮಕ್ಕಳು ಬಂದೂಕು ಅಂದರು, ಕಾರು ಅಂದರು. ನಾನು ಲಗೋರಿ ಅಂದೆ. ಲಗೋರಿಯನ್ನು ಕಂಡಿದ್ದವರೇ ಆ ತರಗತಿಯಲ್ಲಿ ನಾಲ್ಕೈದು ಮಂದಿ. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವುದು, ಒಂದು ತಂಡ ಚೆಂಡಿನಿಂದ ಅದನ್ನು ಬೀಳಿಸಿ ಮತ್ತೆ ಪೇರಿಸಲು ನೋಡುವುದು, ಇನ್ನೊಂದು ತಂಡ ಅವರಿಗೆ ಚೆಂಡು ಹೊಡೆದು ಔಟ್ ಮಾಡುವುದು ಎಂದು ವಿವರಿಸಿದೆ.

"ಸರ್, ರೂಲ್ಸ್ ಕರೆಕ್ಟಾಗಿ ಹೇಳಿ. ಕಂಪ್ಯೂಟರ್‌ಗೆ ಎಲ್ಲಾ ಹೇಳ್ಬೇಕು" ಎಂದ ಚೇತನ್. ತರಗತಿಯ ಗಟ್ಟಿ ಬಾಯಿ ಅವನದು.

ಅಲ್ಲಿ ನಾನು ಸಿಕ್ಕಿಬಿದ್ದೆ. ಎಲ್ಲಿಯವರೆಗೆ ಓಡಬಹುದು? ಚೆಂಡು ನೆಲಕ್ಕೆ ಬಡಿದು ಎದ್ದು ತಾಗಿದರೆ ಔಟೋ ಅಲ್ಲವೋ?  ನಾನು ಹುಟ್ಟಿ ಬೆಳೆದದ್ದು ಅಮೃತಹಳ್ಳಿಯಲ್ಲಿ, ಅದಿನ್ನೂ ಹಳ್ಳಿಯಾಗಿಯೇ ಇದ್ದ ಕಾಲದಲ್ಲಿ. ಅಲ್ಲಿ ನಾವು ಲಗೋರಿ ಆಡಿದ್ದಕ್ಕಿಂತ ಲಗೋರಿಯ ಬಗ್ಗೆ ಜಗಳವಾಡಿದ್ದೇ ಹೆಚ್ಚು. ಯಾರ ಗಂಟಲು ದೊಡ್ಡದೋ ಅವರದು ಅವತ್ತಿನ ನಿಯಮ; ಚೆಂಡಿನ ಒಡೆಯ ಮುನಿಸಿಕೊಂಡು ಮನೆಗೆ ಹೊರಟರೆ ನಿಯಮ ಮತ್ತೆ ಬದಲು. ಚಡ್ಡಿ ಜಾರಿದರೆ, ಮುಳ್ಳು ಚುಚ್ಚಿದರೆ, ಅಮ್ಮ ಕರೆದರೆ ಕೈಯೆತ್ತಿ 'ಟೈಂ ಪ್ಲೀಸ್' ಎಂದು ಕೂಗಿದರೆ ಸಾಕು, ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಅದು ಇಂಗ್ಲಿಷ್ ಮಾತು ಎಂದು ಹೈಸ್ಕೂಲು ಸೇರುವವರೆಗೂ ನನಗೆ ಗೊತ್ತಿರಲಿಲ್ಲ, ನಮ್ಮೂರಿನ ಕನ್ನಡವೇ ಅಂದುಕೊಂಡಿದ್ದೆ. ಈಗ ಅದಕ್ಕೆ ಪರದೆಯ ಮೂಲೆಯಲ್ಲಿ ಎರಡು ಗೀಟಿನ ಗುಂಡಿ ಬಂದಿದೆ. ಒತ್ತಿದರೆ ಆಟ ನಿಲ್ಲುತ್ತದೆ, ಯಾರೂ 'ಸುಳ್ಳು ಟೈಂ ಪ್ಲೀಸ್' ಎಂದು ಬೈಯುವುದಿಲ್ಲ.

ಮಕ್ಕಳನ್ನು ಆಟ ಕೆಡಿಸುತ್ತದೆ ಎಂಬ ದೂರು ಮಾತ್ರ ಬಹಳ ಹಳೆಯದಿರಬೇಕು. ನಮ್ಮ ಹಳೆಯ ದೇವಸ್ಥಾನಗಳಿಗೆ ಹೋದರೆ ಎಲ್ಲರೂ ಕತ್ತೆತ್ತಿ ಕಂಬ, ಭುವನೇಶ್ವರಿ ಎನ್ನುವ ಚಾವಣಿಯ ಕೆತ್ತನೆ ನೋಡುತ್ತಾರೆ. ನನ್ನ ಕಣ್ಣು ನೆಲದ ಮೇಲೆ. ಮಂಟಪದ ಹಾಸುಗಲ್ಲಿನಲ್ಲಿ ಎಲ್ಲೋ ಒಂದು ಕಡೆ ಆಡು-ಹುಲಿ ಆಟದ ಗೀರುಗಳು ಇದ್ದೇ ಇರುತ್ತವೆ, ಇಲ್ಲವೇ ಅಳಗುಳಿಯ ಕುಳಿಗಳು. ಅಷ್ಟು ಗಟ್ಟಿ ಕಲ್ಲನ್ನು ಕೊರೆಯಲು ಒಂದು ಮಧ್ಯಾಹ್ನ ಸಾಲದು. ಯಾರೋ ಒಬ್ಬ ಮಾಡುವ ಕೆಲಸ ಬಿಟ್ಟು ಉಳಿಯಿಂದ ಕುಟ್ಟುತ್ತಾ ಕುಳಿತಿರಬೇಕು, ಅವನ ಮೇಸ್ತ್ರಿಯೋ ಹೆಂಡತಿಯೋ ಬೈದಿರಬೇಕು. ಬೈಗುಳ ಗಾಳಿಗೆ ಹೋಯಿತು, ಆಟದ ಮನೆ ಉಳಿಯಿತು. ಪೋಷಕರ ಸಭೆಯಲ್ಲಿ ಇದನ್ನು ಹೇಳಬೇಕೆಂದುಕೊಂಡಿದ್ದೆ. ಆದರೆ ಪಿ.ಟಿ. ಮೇಷ್ಟ್ರು ಶಿಲ್ಪಕಲೆಯ ಬಗ್ಗೆ ಬಾಯಿ ತೆರೆದರೆ ಜನ ವಾಚು ನೋಡಿಕೊಳ್ಳುತ್ತಾರೆ.

ಲ್ಯಾಬಿನಲ್ಲಿ ರೇಣುಕಾ ಬೇರೆಯೇ ಹುಡುಗಿ. ಪಟ್ಟಿಗಳನ್ನು ಸರಸರ ಜೋಡಿಸುತ್ತಾ ಎರಡೇ ವಾರದಲ್ಲಿ ತರಗತಿಯ ಮುಂದಾಳಾದಳು. ಹಂಗಲ್ಲೋ, ಹಿಂಗ, ಎಂದು ಚೇತನನ ಕೈಯಿಂದ ಮೌಸ್ ಕಸಿದುಕೊಳ್ಳುವಷ್ಟು ಜೋರು. ಪರದೆಯ ಮೇಲೆ ಆಟಗಾರರು ಮೂಡಿದರು. ಅವರಲ್ಲೊಬ್ಬಳಿಗೆ ಎರಡು ಉದ್ದನೆಯ ಜಡೆ. ಯಾರೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಜಡೆಯ ಹುಡುಗಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದಳು. ಆಡಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಚೆಂಡು ಎಷ್ಟು ಸಲ ತಾಗಿದರೂ ಅವಳು ಔಟಾಗುತ್ತಿರಲಿಲ್ಲ.

"ಸರ್, ಇದು ಮೋಸ! ಇವ್ಳು ತನಗೊಬ್ಳಿಗೇ ಔಟ್ ಇಟ್ಕೊಂಡಿಲ್ಲ" ಎಂದು ಚೇತನ್ ಎದ್ದು ನಿಂತ. ರೇಣುಕಾ ತಲೆ ತಗ್ಗಿಸಿ ಕುಳಿತಳು.

ನಾನು ಅವಳ ಪರವಾಗಿ ಮಾತಾಡಿದೆ. ಇದು ಮೋಸವಲ್ಲ ಕಣೋ, ನಮ್ಮ ಕಾಲದಲ್ಲಿ ಇದು ಪದ್ಧತಿಯೇ ಆಗಿತ್ತು ಎಂದು ನನ್ನ ಕತೆ ತೆಗೆದೆ. ನಮ್ಮ ಗೌರಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅಮ್ಮ ಹೊಲಕ್ಕೆ ಹೋಗುವಾಗ ನನ್ನನ್ನು ಅವಳಿಗೆ ಗಂಟು ಹಾಕಿ ಹೋಗುತ್ತಿದ್ದಳು. ಅವಳು ಆಡಬೇಕೆಂದರೆ ನನ್ನನ್ನೂ ಸೇರಿಸಿಕೊಳ್ಳಲೇಬೇಕು. ಆಟ ಶುರುವಾಗುವ ಮೊದಲು ಎಲ್ಲರಿಗೂ ಸಾರುತ್ತಿದ್ದಳು: "ಏಯ್, ನಮ್ ತಮ್ಮ ಲೆಕ್ಕಕ್ಕಿಲ್ಲ ಕಣ್ರೇ. ಅವ್ನುಗೆ ಒಡೀಬ್ಯಾಡಿ." ಅಷ್ಟು ಹೇಳಿದರೆ ಮುಗಿಯಿತು. ಲೆಕ್ಕಕ್ಕಿಲ್ಲದವನು ಎಲ್ಲಿ ಬೇಕಾದರೂ ಓಡಬಹುದು, ಏನು ಬೇಕಾದರೂ ಕೂಗಬಹುದು, ಔಟ್ ಎಂಬುದು ಅವನಿಗಿಲ್ಲ. ಸಣ್ಣವರನ್ನು ಅಳಿಸದೆ ಆಟದಲ್ಲಿ ಇಟ್ಟುಕೊಳ್ಳಲು ಇಂಥ ಒಳ್ಳೆಯ ಉಪಾಯವನ್ನು ಯಾವ ಶಿಕ್ಷಣ ತಜ್ಞರು ಕಂಡುಹಿಡಿದಾರು?

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹಳೆಯದನ್ನು ನೆನೆಯುತ್ತಾ ಹೋದರೆ ನಾಲಗೆಗೆ ಬ್ರೇಕು ಎಡಗಡೆಯೋ ಬಲಗಡೆಯೋ ತಿಳಿಯುವುದಿಲ್ಲ. ಮುಂದಿನದನ್ನೂ ಹೇಳಿಬಿಟ್ಟೆ. ಮೊದಮೊದಲು ನನಗೆ ಖುಷಿಯೇ. ಆಮೇಲೆ ಆಮೇಲೆ ಗೊತ್ತಾಯಿತು, ನಾನು ಕಲ್ಲು ಪೇರಿಸಿದರೂ ಯಾರೂ ಹೋ ಎನ್ನುವುದಿಲ್ಲ, ನನ್ನ ಕಡೆ ಯಾರೂ ಚೆಂಡು ಎಸೆಯುವುದಿಲ್ಲ, ನಾನು ಮಧ್ಯದಲ್ಲಿ ಮನೆಗೆ ಹೋದರೂ ಆಟ ನಿಲ್ಲುವುದಿಲ್ಲ. ಒಂದು ಸಂಜೆ, ಬಹುಶಃ ಮರೆತೋ ಸಿಟ್ಟಿನಲ್ಲೋ, ಗೌರಕ್ಕನ ಗೆಳತಿಯೊಬ್ಬಳು ನನ್ನ ಬೆನ್ನಿಗೆ ಸರಿಯಾಗಿ ಬೀಸಿದಳು. ಬಟ್ಟೆಯ ಚೆಂಡಾದರೂ ಚುರ್ ಎಂದಿತು. "ಔಟ್!" ಎಂದು ಎಲ್ಲರೂ ಕೂಗಿದರು. ಗೌರಕ್ಕ ಓಡಿಬಂದು ಅಳಬ್ಯಾಡ ಕಣೋ ಎಂದು ಬೆನ್ನು ಉಜ್ಜಿದಳು. ನಾನೆಲ್ಲಿ ಅಳುತ್ತಿದ್ದೆ! ಮನೆಗೆ ಹೋಗಿ ಅಪ್ಪ, ಅಮ್ಮ, ಕೊಟ್ಟಿಗೆಯ ಎತ್ತು ಎಲ್ಲರಿಗೂ ಹೇಳಿದೆ: ನಾನಿವತ್ತು ಔಟಾದೆ.

ಮಕ್ಕಳು ನಕ್ಕರು. ರೇಣುಕಾ ನಗಲಿಲ್ಲ. ಪೀರಿಯಡ್ ಮುಗಿದ ಮೇಲೆ ಹಿಂದೆಯೇ ಉಳಿದಳು. ಕೆಳಗಿನ ಆಟದಲ್ಲಿ ನೀನೂ ಹಾಗೇ ಲೆಕ್ಕಕ್ಕಿಲ್ಲದೆ ಸೇರಿಕೋ, ಎಲ್ಲರಿಗೂ ನಾನು ಹೇಳುತ್ತೇನೆ ಎಂದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಭಾವನೆ.

"ಬ್ಯಾಡ್ರಿ ಸರ. ಹಂಗಂದ್ರ ನಾ ವಾಚ್ ಹಿಡಕೊಂಡ ನಿಂದ್ರೂದ ಚಲೋ" ಎಂದು ಹೇಳಿ ಹೊರಟುಹೋದಳು. 

ಮುಂದಿನ ವಾರ ಲ್ಯಾಬಿಗೆ ಬಂದಾಗ ಅವಳ ಗೇಮ್ ಬದಲಾಗಿತ್ತು. ಜಡೆಯ ಹುಡುಗಿಯೂ ಈಗ ಎಲ್ಲರಂತೆ ಔಟಾಗುತ್ತಾಳೆ. ಆದರೆ ಯಾರೂ ಓಡುತ್ತಿರಲಿಲ್ಲ. ಗೊಂಬೆಗಳೆಲ್ಲ ಒಂದೊಂದೇ ಹೆಜ್ಜೆ ಇಡುತ್ತಾ ನಡೆಯುತ್ತಿದ್ದವು. ಓಡುವ ಗುಂಡಿ ಒತ್ತಿದವರು ತಕ್ಷಣ ಔಟ್. ಮಕ್ಕಳು ಮೊದಲು ಥೂ ಬೋರು ಎಂದರು. ಆಡಲು ಕುಳಿತ ಮೇಲೆ ಸದ್ದಡಗಿತು. ಚೆಂಡು ನಿಮ್ಮ ಕಡೆ ಬರುವುದು ಕಾಣುತ್ತದೆ, ಕಾಲು ಮಾತ್ರ ನಿಧಾನ. ಕಲ್ಲಿನ ಹತ್ತಿರ ಹೋಗಲೋ ಹಿಂದೆ ಸರಿಯಲೋ ಎಂದು ಎದೆ ಡವಗುಟ್ಟುತ್ತದೆ. ನಾನೂ ಆಡಿದೆ. ಗುಂಡಿ ಒತ್ತಬಾರದು ಎಂದು ಗೊತ್ತಿದ್ದೂ ಒತ್ತಿ ಔಟಾದೆ. ಸರ್ವೀಸಿನುದ್ದಕ್ಕೂ ಓಡು ಓಡು ಎಂದು ಕೂಗಿದ ಅಭ್ಯಾಸ, ಬೆರಳಿಗೂ ಅಂಟಿಕೊಂಡಿತ್ತು.

ಇದನ್ನು ಕೆಳಗೆ ನಿಜವಾಗಿಯೂ ಆಡಿ ನೋಡೋಣ ಸರ್ ಎಂದವನು ಚೇತನ್. ನಾನು ರೇಣುಕಾಳ ತಾಯಿಯನ್ನು ಕರೆಸಿದೆ. ಓಡದೆ ಬರೀ ನಡೆದು ಆಡುವ ಆಟ ಎಂದು ಅವರಿಗೆ ವಿವರಿಸಿದೆ. ಮಗಳು ಅವರ ಮುಖವನ್ನೇ ನೋಡುತ್ತಾ ನಿಂತಿದ್ದಳು, ಸೆರಗಿನ ತುದಿ ಹಿಡಿದಿದ್ದಳು.

"ನಡ್ಯಾಕ ಡಾಕ್ಟರೂ ಬ್ಯಾಡ ಅಂದಿಲ್ರಿ. ದಿನಾ ಸಾಲಿಗಿ ನಡಕೋತನ ಬರ್ತಾಳ. ಆದ್ರ ಸರ, ಹುಡುಗ್ರು ಆಟದಾಗ ಮರತ ಓಡಸ್ತಾರ್ರಿ."

"ಓಡಿದವರು ಔಟ್ ಅಮ್ಮ. ನಾನೇ ನಿಂತು ನೋಡ್ತೀನಿ" ಎಂದೆ. ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಆ ಪೀರಿಯಡ್ಡಿನಲ್ಲಿ ಸ್ವೆಟರು, ವಾಚುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿದೆವು. ನಡೆಯುವ ಲಗೋರಿ ಎಷ್ಟು ನಗು ತರಿಸುತ್ತದೆಂದರೆ, ಚೆಂಡು ಉರುಳಿ ಸಂಪಿನ ಕಡೆ ಹೋದಾಗ ಅದರ ಹಿಂದೆ ಒಂದು ತಂಡಕ್ಕೆ ತಂಡವೇ ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರ ಹಾಗೆ ಗಂಭೀರವಾಗಿ ಹೆಜ್ಜೆ ಹಾಕುತ್ತದೆ. ನಾನು "ನಡಿ, ನಡೀರೋ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಶಾಲೆಯ ಅತಿ ವೇಗದ ಓಟಗಾರ ಮೊದಲ ನಿಮಿಷದಲ್ಲೇ ಔಟು. ರೇಣುಕಾ ಎರಡು ಸಲ ಕಲ್ಲು ಬೀಳಿಸಿದಳು. ಯಾರು ಎಡಗೈಯಲ್ಲಿ ಹಿಡಿಯಲಾರರೋ ಅವರ ಎಡಗಡೆಯಿಂದಲೇ ನಡೆದುಹೋಗಿ ಕಲ್ಲು ಪೇರಿಸತೊಡಗಿದಳು. ಕೊನೆಯ ಕಲ್ಲು ಕೈಯಲ್ಲಿತ್ತು. ಆಗ ಚೇತನ್ ಎಸೆದ ಚೆಂಡು ಅವಳ ಜಡೆಗೆ ಬಡಿಯಿತು.

ಇಡೀ ಆಟ ನಿಂತಿತು. ಚೇತನನ ಮುಖ ಬಿಳಿಚಿಕೊಂಡಿತು. "ಸಾರಿ ಕಣೇ, ನೋವಾಯ್ತಾ?" ಎಂದ. ಯಾರೋ ಒಂದು ಮೆತ್ತಗಿನ ಹುಡುಗಿ, "ಬಿಡಿ ಸರ್, ಪಾಪ, ಅವ್ಳು ಲೆಕ್ಕಕ್ಕಿಲ್ಲ" ಎಂದಿತು. ರೇಣುಕಾ ಕಲ್ಲು ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು.

"ಔಟ್!" ಎಂದೆ, ಕಾಂಪೌಂಡಿನಾಚೆಗೂ ಕೇಳಿಸುವಂತೆ.

 ರೇಣುಕಾ ಕಲ್ಲನ್ನು ನೆಲಕ್ಕೆ ಕುಕ್ಕಿದಳು. "ಹ್ಯಾಂಗ್ರಿ ಸರ ಔಟ್? ಜಡಿಗಿ ತಾಗೇತ್ರಿ, ನನಗ ತಾಗಿಲ್ಲ!"

ಚೇತನ್ ಸಾರಿ ಕೇಳಿದ್ದನ್ನು ಮರೆತ. "ಜಡೆ ಏನ್ ಪಕ್ಕದ್ಮನೆಯೋರ್ದಾ? ನೀನೇ ಮಾಡಿರೋ ಗೇಮಲ್ಲಿ ಜಡೆಗ್ ತಾಗಿದ್ರೂ ಔಟೇ ತಾನೇ?"

"ಅದು ಕಂಪ್ಯೂಟರ್ ಲೇ! ಜಡಿ ಯಾವುದು ಮೈ ಯಾವುದು ಅದಕ್ಕೇನ್ ಗೊತ್ತಾಗ್ತದ?"

ಅಲ್ಲಿಂದ ಶುರುವಾಯಿತು. ಅರ್ಧ ತರಗತಿ ಜಡೆಯ ಪರ, ಅರ್ಧ ಚೆಂಡಿನ ಪರ. ಮೇಲಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಅಮೃತಹಳ್ಳಿಯ ಆ ಸಂಜೆಗಳ ಗಲಾಟೆಯನ್ನು ಅಷ್ಟು ವರ್ಷಗಳ ಮೇಲೆ ಕಿವಿಯಾರೆ ಕೇಳಿ ನನ್ನ ಕಣ್ಣು ಒದ್ದೆಯಾಯಿತು. ನಡುನಡುವೆ ರೇಣುಕಾಳ ಉಸಿರಿನ ಕಡೆ ಗಮನ ಇಟ್ಟೇ ಇದ್ದೆ. ಉಸಿರು ಜೋರಾಗಿತ್ತು, ಆದರೆ ಅದು ಸಿಟ್ಟಿನದು. ಬೆಲ್ ಹೊಡೆದಾಗ ಇಬ್ಬರೂ ಜಗಳವಾಡುತ್ತಲೇ ಮೆಟ್ಟಿಲು ಹತ್ತಿದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಗೇಟಿನಲ್ಲಿ ರೇಣುಕಾಳ ತಾಯಿ ನಿಂತಿದ್ದರು. ಮುಖ ಬಿಗಿದಿತ್ತು.  ರಾತ್ರಿ ಎದ್ದು ಕೂರಬೇಕಾಯಿತೇನೋ, ನನ್ನ ಮಾತು ನಂಬಿ ಆ ಮಗುವಿಗೆ ಏನಾಯಿತೋ ಎಂದುಕೊಳ್ಳುತ್ತಾ ಹತ್ತಿರ ಹೋದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಸರ, ನಿಮಗ ಕೇಳಬೇಕಂತನ ಬಂದೀನ್ರಿ. ನಮ್ಮ ಹುಡುಗಿ ರಾತ್ರಿ ಉಣ್ಣೂ ಮುಂದ ಅದನ್ನ ಹೇಳ್ಯಾಳ, ಏಳೂ ಮುಂದ ಅದನ್ನ ಹೇಳ್ಯಾಳ. ಬರೇ ಜಡಿಗಿ ತಾಗಿದ್ರ ಔಟ್ ಹ್ಯಾಂಗ್ ಕೊಟ್ರಿ ನೀವು?"

"ಜಡೆನೂ ಲೆಕ್ಕಕ್ಕೆ ಬರುತ್ತಮ್ಮ" ಎಂದೆ.